ಜ್ವರಕ್ಕೆ ಕೂತ ಊರು

ದೇವನಹಳ್ಳಿ

ನಮ್ಮ ರೇಷ್ಮೆ ಹುಳುಮನೆಯ ತಾರಸಿ ಹತ್ತಿದರೆ ವಿಮಾನದ ಹೊಟ್ಟೆ ಕಾಣುತ್ತದೆ. ಏರುತ್ತ ಏರುತ್ತ ಅದು ಕಾಲು ಮಡಚಿಕೊಳ್ಳುವುದೂ ಕಾಣುತ್ತದೆ. ನಮಗೆ ಮೆಜೆಸ್ಟಿಕ್ಕಿಗಿಂತ ವಿದೇಶ ಹತ್ತಿರ. ಆದರೂ ಮನೆಯಿಂದ ಆ ವಿಮಾನ ಹತ್ತಿದವರು ಇಬ್ಬರೇ. ಮೊದಲು ನನ್ನ ತಂಗಿ ಭಾನು, ಎಷ್ಟೋ ವರ್ಷಗಳ ಮೇಲೆ ನಾನು.

ಹೊರಡುವಾಗ ಅಮ್ಮ ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು, ಅವಳ ಕೈಯಿಂದ ಹಸಿರು ವಾಸನೆ ಬರುತ್ತಿತ್ತು ಎಂದು ಮೊದಲು ಬರೆದೆ. ಓದಲು ಚೆನ್ನಾಗಿತ್ತು. ಆಮೇಲೆ ಹೊಡೆದು ಹಾಕಿದೆ. ಆ ವಾರ ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಜ್ವರದಲ್ಲಿ ಸೊಪ್ಪು ಹಾಕುವುದಿಲ್ಲ. ಅಂದರೆ ಆ ವಾಸನೆ ಬೇರೆ ಯಾವುದೋ ದಿನದ್ದು, ನೆನಪು ಅದನ್ನು ತಂದು ಇಲ್ಲಿ ಅಂಟಿಸಿದೆ. ಇಂಥ ಅಂಟು ಈ ಬರಹದಲ್ಲಿ ಇನ್ನೂ ಇರಬಹುದು. ಕಂಡಷ್ಟನ್ನು ಕಿತ್ತಿದ್ದೇನೆ.

ರೇಷ್ಮೆ ಸಾಕದವರಿಗೆ ಒಂದು ಮಾತು ಹೇಳಬೇಕು. ಹುಳು ಪೊರೆ ಬಿಡುವ ಮುಂಚೆ ತಿನ್ನುವುದನ್ನು ಬಿಟ್ಟು, ತಲೆ ಎತ್ತಿ, ಕಲ್ಲಿನ ಹಾಗೆ ನಿಂತುಬಿಡುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಆಗ ಮುಟ್ಟಬಾರದು, ತಟ್ಟೆ ಅಲುಗಿಸಬಾರದು. ಮನೆಯಲ್ಲಿ ಮೆಣಸಿನಕಾಯಿ ಹುರಿಯುವುದಿಲ್ಲ. ನೆಂಟರು ಬಂದರೆ ಜಗಲಿಯಲ್ಲೇ ಕೂರಿಸಿ ಕಳಿಸುತ್ತೇವೆ. ಬೆಳೆ ಹೇಗಿದೆ ಎಂದು ಯಾರೂ ಕೇಳುವುದಿಲ್ಲ. ಒಳ್ಳೆಯದನ್ನು ಬಯಸುವವರು ದೂರ ಇರಬೇಕು. ನಾನು ಮಾತು ಕಲಿಯುವ ಮುಂಚೆ ಕಲಿತದ್ದು ಇದನ್ನೇ ಇರಬೇಕು.

ಭಾನು ಫಿನ್‌ಲ್ಯಾಂಡಿನ ತುರ್ಕು ಎಂಬ ಊರಿನಲ್ಲಿ ವಿಜ್ಞಾನಿ. ತಾಯಿಯ ಮೈ ಹೊಟ್ಟೆಯೊಳಗಿನ ಮಗುವನ್ನು ಹೊರಗಿನದೆಂದು ತಿಳಿದು ಓಡಿಸದೆ ಯಾಕೆ ಇಟ್ಟುಕೊಳ್ಳುತ್ತದೆ, ಕೆಲವು ಸಲ ಯಾಕೆ ಇಟ್ಟುಕೊಳ್ಳುವುದಿಲ್ಲ ಎಂಬುದು ಅವಳ ಕೆಲಸ. ಅವಳದೇ ಮೈ ಎರಡು ಸಲ ಇಟ್ಟುಕೊಂಡಿರಲಿಲ್ಲ. ಈಗ ಮೂರನೆಯದು. ನೆಲಮಂಗಲದಲ್ಲಿ ಅವಳ ಮಾವನಿಗೆ ಹೃದಯದ ಆಪರೇಷನ್ ಆಗಿ ಅವಳ ಗಂಡ ಪ್ರಸಾದ್ ಊರಿಗೆ ಬಂದಿದ್ದ. ಹಿಂದಿನ ಎರಡೂ ಸಲ ಗರ್ಭ ಇಳಿದುಹೋದ ವಾರ ಹತ್ತಿರ ಬರುತ್ತಿತ್ತು. 'ನೀನು ಬಾ' ಎಂದಷ್ಟೇ ಭಾನು ಫೋನಿನಲ್ಲಿ ಹೇಳಿದ್ದಳು. ಅಮ್ಮನಿಗೆ ತಿಳಿಸಬೇಡ ಎಂದೂ ಹೇಳಿದ್ದಳು.

ನಾನು ದೊಡ್ಡಬಳ್ಳಾಪುರದ ಕಾಲೇಜಿಗೆ ರಜೆ ಹಾಕಿ, ಊರು ನೋಡಿಕೊಂಡು ಬರುತ್ತೇನೆ ಎಂದು ಅಮ್ಮನಿಗೆ ಹೇಳಿದೆ.

"ಈ ಚಳೀಲಿ ಚಳಿ ದೇಶ ನೋಡಕ್ಕೆ ಯಾರವ್ವಾ ಹೋಗೋರು?" ಎಂದಳು ಅಮ್ಮ. ಮತ್ತೇನೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಕೇಳುವುದಿಲ್ಲ.

ತುರ್ಕು

ಇಳಿದ ದಿನ ಕಂಡದ್ದು ಕತ್ತಲೆ. ಮಧ್ಯಾಹ್ನದ ಕಾಫಿ ಹೊತ್ತಿಗೇ ದೀಪ ಹಚ್ಚುವ ಊರು ಅದು. ನವೆಂಬರಿನಲ್ಲಿ ಸೂರ್ಯ ಬಂದು ಬಾಗಿಲಲ್ಲಿ ಇಣುಕಿ, ಯಾರೂ ಇಲ್ಲವೇನೋ ಎಂಬಂತೆ ವಾಪಸು ಹೋಗುತ್ತಾನೆ. ಜನ ಕೋಟಿನ ಅಂಚಿಗೆ ಸಣ್ಣದೊಂದು ಬಿಲ್ಲೆ ತೂಗುಬಿಟ್ಟುಕೊಂಡಿರುತ್ತಾರೆ. ಕಾರಿನ ಬೆಳಕು ಬಿದ್ದರೆ ಅದು ಫಳ್ ಅನ್ನುತ್ತದೆ, ಒಳಗೊಬ್ಬ ಮನುಷ್ಯ ಇದ್ದಾನೆಂದು ತಿಳಿಯುತ್ತದೆ. ಭಾನು ನನ್ನ ಕೋಟಿಗೂ ಒಂದನ್ನು ಸಿಕ್ಕಿಸಿದಳು, ಎಲೆಯ ಆಕಾರದ್ದು.

ಬಸ್ ನಿಲ್ದಾಣದಲ್ಲಿ ಜನ ಒಬ್ಬರಿಂದ ಒಬ್ಬರು ಮಾರು ದೂರ ನಿಂತಿದ್ದರು, ಹಿಮದ ಜೊತೆ ಮಳೆ ಸುರಿಯುತ್ತಿದ್ದರೂ ಛಾವಣಿಯ ಕೆಳಗೆ ಬರದೆ. ನಾನು ಅಭ್ಯಾಸಬಲದಿಂದ ಒಬ್ಬ ಹೆಂಗಸಿನ ಪಕ್ಕಕ್ಕೆ ಹೋಗಿ ನಿಂತೆ. ಆಕೆ ನಕ್ಕು, ಎರಡು ಹೆಜ್ಜೆ ಆಚೆ ಸರಿದರು. ನಮ್ಮ ಕಡೆಯ ಬಾಶೆಟ್ಟಿಹಳ್ಳಿಯಲ್ಲಿ ಕಾರ್ಖಾನೆಯ ಶಿಫ್ಟ್ ಬಿಟ್ಟ ಹೊತ್ತಿನ ಬಸ್ಸು ನೆನೆಸಿಕೊಂಡೆ. ಅಲ್ಲಿ ಇನ್ನೊಬ್ಬರ ಊಟದ ಡಬ್ಬಿ ನಮ್ಮ ಪಕ್ಕೆಗೆ ಚುಚ್ಚುತ್ತಿರುತ್ತದೆ, ಅವರ ಮನೆಯ ಸಾರು ಯಾವುದೆಂದು ಗೊತ್ತಾಗುತ್ತದೆ. ಇಲ್ಲಿ ಇಡೀ ಊರೇ ಜ್ವರಕ್ಕೆ ಕೂತಿದೆ ಅನ್ನಿಸಿತು. ಯಾರೂ ಯಾರನ್ನೂ ಮುಟ್ಟುವುದಿಲ್ಲ, ಹೇಗಿದ್ದೀರಿ ಎಂದು ಕೇಳುವುದಿಲ್ಲ. ಹೇಳಲು ಸಂಕೋಚವಾದರೂ ನಿಜ, ನನಗೆ ಹಾಯೆನಿಸಿತು. ಮನೆಗೆ ಬಂದ ಹಾಗಿತ್ತು. ಮನೆಯೊಳಗೆ ಕಾಲಿಡುವ ಮುಂಚೆ ಚಪ್ಪಲಿ ಬಿಡುವುದು ಸಹ ನಮ್ಮ ಹಾಗೆಯೇ.

ಮಾರನೆಯ ದಿನ ಒಂದು ಕಾಫಿ ಅಂಗಡಿಯ ಹೊರಗೆ ಮಗುವಿನ ತಳ್ಳುಗಾಡಿ ನಿಂತಿತ್ತು. ಒಳಗೆ ಕಂಬಳಿ, ಟೋಪಿ, ನಡುವೆ ಕೆಂಪಗಿನ ಮೂಗು. ಸುತ್ತ ಯಾರೂ ಇಲ್ಲ. ಹಿಮ ಬೀಳುತ್ತಿದೆ. ಗಾಡಿಯ ಹಿಡಿಕೆ ಹಿಡಿದು, ದಾರಿಹೋಕರನ್ನು ದಿಟ್ಟಿಸುತ್ತ ಕಾವಲು ನಿಂತೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಒಬ್ಬ ಎಳೆಯ ತಾಯಿ ಬಂದಳು, ಕೈಯಲ್ಲಿ ದಾಲ್ಚಿನ್ನಿಯ ಬನ್ನು. ಈ ದೇಶದಲ್ಲಿ ಕೂಸುಗಳು ಹೊರಗಿನ ತಣ್ಣನೆ ಗಾಳಿಯಲ್ಲೇ ಮಲಗುವುದಂತೆ, ಅದೇ ಒಳ್ಳೆಯ ನಿದ್ದೆಯಂತೆ. ಅವಳು ಬೈಯಲಿಲ್ಲ. ಮಗುವಿಗೆ ಏನಾದರೂ ಆಯಿತೇ ಎಂದು ಕೇಳಿದಳು. ಏನೂ ಆಗಿಲ್ಲ ಎಂದೆ. ಹಾಗಾದರೆ ನೀವು ಯಾಕೆ ನಿಂತಿದ್ದೀರಿ ಎಂಬ ಪ್ರಶ್ನೆ ಅವಳ ಮುಖದಲ್ಲಿತ್ತು.

ಇದನ್ನು ಭಾನುವಿಗೆ ಹೇಳಿ ನಗಿಸಬೇಕೆಂದುಕೊಂಡೆ. ಅವಳು ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಮಲಗಿದ್ದಳು. ಊಟದ ತಟ್ಟೆಯನ್ನು ಬಾಗಿಲ ಬಳಿ ಇಟ್ಟು ಸದ್ದಾಗದಂತೆ ಹೊರಗೆ ಬಂದೆ.

ಪ್ರಯೋಗಾಲಯ

ಒಂದು ದಿನ ಅವಳೇ ತನ್ನ ಕೆಲಸದ ಜಾಗಕ್ಕೆ ಕರೆದುಕೊಂಡು ಹೋದಳು. ನಾವು ತಲುಪಿದ ಹೊತ್ತಿಗೆ ಹೆರಿಗೆ ವಾರ್ಡಿನಿಂದ ಐಸ್ ಡಬ್ಬಿ ಬಂದಿತ್ತು. ಒಳಗೆ ಆಗತಾನೆ ಹೆತ್ತವಳೊಬ್ಬಳು ಒಪ್ಪಿಕೊಟ್ಟ ಮಾಸು. ಭಾನು ಕೈಗವಸು ಹಾಕಿ ಅದನ್ನು ತಟ್ಟೆಗೆ ಸುರಿದು ಉಪ್ಪುನೀರಿನಲ್ಲಿ ತೊಳೆದಳು. ಕೆಂಪು ಹೋಗಿ ಒಳಗಿನ ಕೊಂಬೆಗಳು ಕಂಡವು, ಹೊಕ್ಕುಳ ಬಳ್ಳಿಯ ಬುಡದಿಂದ ಎಲ್ಲ ಕಡೆಗೂ ಹರಡಿದ ರಕ್ತನಾಳಗಳು.

ನಮ್ಮಲ್ಲಿ ಇದನ್ನು ಹಿತ್ತಿಲಲ್ಲಿ ಹೂತು ಮೇಲೆ ಕಲ್ಲು ಹೇರುತ್ತಾರೆ, ನಾಯಿ ಕೆದಕಬಾರದೆಂದು. ನನ್ನದೂ ಅವಳದೂ ಹುಣಸೆ ಮರದ ಆಚೆ ಎಲ್ಲೋ ಇವೆ. ಇಲ್ಲಿ ನನ್ನ ತಂಗಿ ಅದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ನನಗೆ ಹೇಸಿಗೆಯಾಗಲಿಲ್ಲ. ಕೂಸನ್ನು ಸ್ನಾನಕ್ಕೆ ಹಿಡಿದ ಹಾಗೆಯೇ ಹಿಡಿದಿದ್ದಳು.

ಕತ್ತರಿಸುತ್ತ ಹೇಳಿದಳು. ಮಗುವಿನಲ್ಲಿ ಅರ್ಧ ಪ್ರಸಾದನದು. ಅವನ ಒಂದು ಚೂರು ಚರ್ಮ ತಂದು ಇವಳಿಗೆ ಅಂಟಿಸಿದರೆ ಇವಳ ಮೈ ಅದನ್ನು ಕಿತ್ತೆಸೆಯುತ್ತದೆ. ಅದೇ ಮೈ ಅವನ ಅರ್ಧ ಇರುವ ಮಗುವನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳುತ್ತದೆ. ಗರ್ಭಕೋಶದ ಒಳಪದರದಲ್ಲಿ ತಾಯಿಯ ರಕ್ಷಣಾ ಕೋಶಗಳು ಗುಂಪುಗುಂಪಾಗಿ ಬಂದು ನೆರೆದಿರುತ್ತವೆ. ರಕ್ತದಲ್ಲಿರುವ ಅವುಗಳ ದಾಯಾದಿಗಳು ಕೊಲ್ಲುವ ಕೆಲಸದವು, ಹೆಸರೂ ಕೊಲ್ಲುವ ಕೋಶ ಎಂದೇ ಇದೆ. ಇಲ್ಲಿರುವವು ಮಾತ್ರ ತಾಯಿಯ ರಕ್ತನಾಳಗಳನ್ನು ಅಗಲ ಮಾಡಿ ಮಗುವಿಗೆ ದಾರಿ ಬಿಡಿಸಲು ನೆರವಾಗುತ್ತವೆ. ಕೊಲ್ಲುವ ಹೆಸರು ಕೇಳಿ ಹೆದರಿದವರಿಗೆ, ಅವನ್ನು ಅಡಗಿಸುತ್ತೇವೆಂದು ಚಿಕಿತ್ಸೆ ಮಾರುವ ಕ್ಲಿನಿಕ್ಕುಗಳು ಎಲ್ಲ ದೇಶದಲ್ಲೂ ಇವೆ. ಅದರಿಂದ ಗರ್ಭ ನಿಲ್ಲುತ್ತದೆಂಬುದಕ್ಕೆ ಗಟ್ಟಿ ಆಧಾರ ಇಲ್ಲವೆಂದು ಭಾನು ಸಭೆಗಳಲ್ಲಿ ಎದ್ದು ನಿಂತು ಜಗಳವಾಡಿದವಳು.

ಇನ್ನೊಂದು ವಿಷಯವನ್ನೂ ಹೇಳಿದಳು. ಮಗುವಿನ ಒಂದಿಷ್ಟು ಕೋಶಗಳು ತಾಯಿಯ ರಕ್ತಕ್ಕೆ ದಾಟಿ, ಹೆತ್ತು ಎಷ್ಟೋ ವರ್ಷಗಳಾದ ಮೇಲೂ ಅವಳಲ್ಲಿ ಉಳಿದಿರುತ್ತವಂತೆ. ಉಳಿಯದೆ ಹೋದ ಮಗುವಿನದೂ. ನನಗೂ ಭಾನುವಿಗೂ ನಡುವೆ ಅಮ್ಮನಿಗೆ ಒಂದು ಹೋಗಿತ್ತು. ಅದೂ ಅಮ್ಮನೊಳಗೆ ಇದೆಯೇ ಎಂದು ಕೇಳಿದೆ.

"ಇರ್ಬೋದು. ಇದ್ದು ಏನ್ ಮಾಡ್ತವೆ ಅಂತ ಸರಿಯಾಗಿ ಗೊತ್ತಿಲ್ಲ. ಕತೆ ಕಟ್ಟಕ್ಕೆ ಹೋಗ್ಬೇಡ." ಆಮೇಲೆ ನಕ್ಕಳು. "ಅಮ್ಮನ ಮೂಲಕ ನಿಂದೂ ನನ್ನೊಳಗೆ ಬಂದಿರ್ಬೋದು. ಅದಕ್ಕೇ ಆಗಾಗ ಹೊಟ್ಟೆ ಉರಿ."

ಅವಳು ನಕ್ಕದ್ದನ್ನು ನೋಡಿ, ಎಲ್ಲ ಸರಿ ಇದೆ, ನಾನು ದೂರ ಇರುವುದೇ ಕೆಲಸ ಮಾಡುತ್ತಿದೆ ಎಂದುಕೊಂಡೆ.

ಸೌನಾ

ಭಾನುವಿನ ಕಟ್ಟಡದ ನೆಲಮಾಳಿಗೆಯಲ್ಲಿ ಬಿಸಿಗೂಡು ಇದೆ, ಅದಕ್ಕೆ ಸೌನಾ ಅನ್ನುತ್ತಾರೆ. ಬಸುರಿಯ ಮೈ ಅಷ್ಟು ಕಾಯಬಾರದೆಂದು ಭಾನು ಬರಲಿಲ್ಲ. ಕೆಳಮನೆಯ ಹೆಲ್ಮಿ ಎಂಬ ಮುದುಕಿ ಕರೆದುಕೊಂಡು ಹೋದರು. ನಾನು ನೈಟಿಯಲ್ಲಿ ಹೋದೆ. ಹೆಲ್ಮಿ ಮೈಮೇಲೆ ಏನೂ ಇಲ್ಲದೆ ಮೆಟ್ಟಿಲ ಮೇಲೆ ಕೂತಿದ್ದರು. ನನ್ನ ನೈಟಿಯನ್ನು ನೋಡಿದ ಅವರ ನೋಟ, ನಮ್ಮ ಅಡುಗೆಮನೆಗೆ ಯಾರಾದರೂ ಬೂಟು ಹಾಕಿಕೊಂಡು ನುಗ್ಗಿದರೆ ಅಮ್ಮ ನೋಡುವ ನೋಟ. ನಾನು ಬಿಚ್ಚಲಿಲ್ಲ. ಆ ನೈಟಿ ಒಣಗಲು ಎರಡು ದಿನ ಹಿಡಿಯಿತು.

ಹಳೆಯ ಕಾಲದಲ್ಲಿ ಇಲ್ಲಿನ ಹೆಂಗಸರು ಹೆರುತ್ತಿದ್ದದ್ದೇ ಸೌನಾದಲ್ಲಂತೆ, ಹೆಲ್ಮಿಯ ತಾಯಿ ಹುಟ್ಟಿದ್ದೂ ಹಾಗೆಯೇ. ಅಷ್ಟು ಹೇಳಿ ಅವರು ಸುಮ್ಮನಾದರು. ಎದ್ದು ಹೋಗಲೂ ಇಲ್ಲ. ನನ್ನ ಪಕ್ಕದಲ್ಲಿ ಕೂತು ಬೆವರಿದರು. ಸುಮ್ಮನಿರುವುದು ಬೇರೆ, ಬಿಟ್ಟು ಹೋಗುವುದು ಬೇರೆ ಎಂದು ಅಲ್ಲೇ ಹೊಳೆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನನಗೆ ಆಗ ಹೊಳೆದದ್ದು ಸೆಕೆ ಒಂದೇ.

ದೋಣಿ

ಊರ ನಡುವೆ ಔರಾ ಎಂಬ ನದಿ. ಅದನ್ನು ದಾಟಿಸಲು ಒಂದು ಪುಟ್ಟ ದೋಣಿಗಾಡಿ ಇದೆ, ಕಾಸಿಲ್ಲ, ಚೀಟಿಯಿಲ್ಲ. ಹತ್ತಿ ನಿಟ್ಟುಸಿರು ಬಿಡುವಷ್ಟರಲ್ಲಿ ಆ ದಡ. ಆ ಕಡೆಯಿಂದ ಊರಿನ ಹಳೆಯ ಕೋಟೆಗೆ ಹೋಗಬೇಕೆಂದು ನಾನು ದಿನವೂ ಹೊರಡುತ್ತಿದ್ದೆ. ದಿನವೂ ದೋಣಿಯಲ್ಲೇ ಉಳಿದುಬಿಡುತ್ತಿದ್ದೆ. ಇಳಿದರೆ ಎಲ್ಲಿಗೋ ಹೋಗಬೇಕು, ಮನೆಗೆ ಹೋದರೆ ಭಾನುವಿನ ಬಾಗಿಲ ಮುಂದೆ ಉಸಿರು ಬಿಗಿಹಿಡಿದು ಓಡಾಡಬೇಕು. ದೋಣಿಯಲ್ಲಾದರೆ ಕಾಲು ಸುಮ್ಮನೆ ನಿಂತಿದ್ದರೂ ಚಲಿಸುತ್ತಿರಬಹುದು. ಆ ದಡ, ಈ ದಡ, ಮತ್ತೆ ಆ ದಡ. ದೋಣಿಯವನು ಮೊದಲು ತಲೆ ಆಡಿಸುತ್ತಿದ್ದ, ಆಮೇಲೆ ಅದನ್ನೂ ಬಿಟ್ಟ.

ಆಸ್ಪತ್ರೆಯಲ್ಲಿ ಭಾನುವಿಗೆ ಗೊತ್ತುಮಾಡಿದ್ದ ಸ್ಕ್ಯಾನಿನ ಹಿಂದಿನ ದಿನವೂ ಅಲ್ಲೇ ಇದ್ದೆ. ನನ್ನ ಫೋನು ಮನೆಯ ವೈಫೈ ಬಿಟ್ಟರೆ ಹೊರಗೆ ಸತ್ತಂತೆ. ಕತ್ತಲಾಗಿತ್ತು. ಈ ದಡಕ್ಕೆ ಬರುವಾಗ ಕಟ್ಟೆಯ ಮೇಲೆ ಎರಡು ಬಿಲ್ಲೆಗಳು ಹೊಳೆದವು. ಒಂದು ಎತ್ತರದಲ್ಲಿ, ಒಂದು ತಗ್ಗಿನಲ್ಲಿ. ಹತ್ತಿರ ಬಂದಾಗ ಹೆಲ್ಮಿ ಕಂಡರು. ಅವರ ತೋಳು ಹಿಡಿದುಕೊಂಡು ಭಾನು ನಿಂತಿದ್ದಳು.

ಬೆಳಿಗ್ಗೆ ಅವಳಿಗೆ ಒಂದಿಷ್ಟು ರಕ್ತ ಕಂಡಿತ್ತು. ನನಗೆ ಫೋನ್ ಮಾಡಿದಳು, ಮಾಡಿದಳು. ಆಮೇಲೆ ಕೆಳಗೆ ಹೋಗಿ ಹೆಲ್ಮಿಯ ಬಾಗಿಲು ಬಡಿದಳು. ಹೆಲ್ಮಿ ಒಂದೂ ಪ್ರಶ್ನೆ ಕೇಳದೆ ಅವಳನ್ನು ಸೋಫಾದ ಮೇಲೆ ಮಲಗಿಸಿ, ಕಾಲ ಬಳಿ ಕೂತು ಹೆಣೆಯುತ್ತಿದ್ದರಂತೆ. ಆಸ್ಪತ್ರೆಗೆ ಫೋನ್ ಮಾಡಿದಾಗ, ಹೆಚ್ಚಾದರೆ ಈಗಲೇ ಬನ್ನಿ, ಇಲ್ಲವಾದರೆ ನಾಳೆ ಹೇಗೂ ಸ್ಕ್ಯಾನ್ ಇದೆ ಎಂದರಂತೆ. ಹೆಚ್ಚಾಗಲಿಲ್ಲ. ಮಧ್ಯಾಹ್ನದ ಮೇಲೆ ನನ್ನನ್ನು ಹುಡುಕಲು ಹೊರಟಿದ್ದಾರೆ. ಕಟ್ಟೆಯ ಮೇಲೆ ನಿಂತು, ನಾನು ಆಚೆ ಹೋಗಿ ಈಚೆ ಬಂದು ಮತ್ತೆ ಆಚೆ ಹೋಗುವುದನ್ನು ನೋಡಿದ್ದಾರೆ.

"ಊರು ನೋಡಕ್ಕೇ ಬಂದ್ಯಾ ಅಕ್ಕ ನೀನು?" ಎಂದಳು ಭಾನು. ಕೂಗಲಿಲ್ಲ. ಕೂಗಿದ್ದರೆ ನಾನೂ ಏನಾದರೂ ಕೂಗಬಹುದಿತ್ತು.

ಅಡುಗೆಮನೆ

ಮನೆಗೆ ಬಂದು ನಾನು ಅಕ್ಕಿ ತೊಳೆದೆ. ಭಾನು ಮೇಜಿನ ಬಳಿ ಕೂತಿದ್ದಳು. ನಾಳೆ ಬೆಳಿಗ್ಗೆ ಸ್ಕ್ಯಾನ್ ಮುಗಿಸಿ ಮಧ್ಯಾಹ್ನದ ರೈಲಿಗೆ ಹೆಲ್ಸಿಂಕಿಗೆ ಹೋಗುತ್ತೇನೆ ಎಂದಳು. ಅಲ್ಲೊಂದು ಕ್ಲಿನಿಕ್ಕಿನಲ್ಲಿ ಹೊತ್ತು ಗೊತ್ತು ಮಾಡಿದ್ದಳು. ಹಾಲಿನಂಥ ಒಂದು ದ್ರವವನ್ನು ನರಕ್ಕೆ ಹನಿಹನಿಯಾಗಿ ಬಿಡುತ್ತಾರೆ, ತಾಯಿಯ ಕೋಶಗಳನ್ನು ಅಡಗಿಸಲು. ಯಾವುದರ ವಿರುದ್ಧ ಸಭೆಗಳಲ್ಲಿ ಎದ್ದು ನಿಂತಿದ್ದಳೋ ಅದೇ.

ನಾನು ತಿರುಗಿ ನೋಡಿದೆನಂತೆ. ಆ ನೋಟ ಅವಳಿಗೆ ಇನ್ನೂ ನೆನಪಿದೆಯಂತೆ. ನನಗಿಲ್ಲ.

"ಗೊತ್ತಿರೋದು ಬೇರೆ, ಹೆದ್ರಿಕೆ ಬೇರೆ," ಎಂದಳು. "ದಿನಾ ಅದನ್ನೇ ಕುಯ್ದು ನೋಡೋಳು ನಾನು. ನನ್ನೊಳಗೆ ಏನಾಗ್ತಿದೆ ಅಂತ ನಂಗೇ ಗೊತ್ತಿಲ್ಲ."

ಆಗ ನಾನು, ಜ್ವರಕ್ಕೆ ಕೂತಾಗ ಏನೂ ಹಾಕಬಾರದು, ಅದರ ಪಾಡಿಗೆ ಬಿಟ್ಟರೆ ತಾನೇ ಏಳುತ್ತದೆ ಎಂದೆ. ಅದಕ್ಕೇ ಇಷ್ಟು ದಿನ ದೂರ ಇದ್ದೆ ಎಂದೂ ಹೇಳಿದೆ. ಹೇಳುವಾಗ ಜಾಣತನದ ಮಾತೆನಿಸಿತ್ತು.

"ನಾನೇನು ಹುಳಾನಾ?" ಎಂದಳು. "ನೀನು ಬಾಗ್ಲತ್ರ ತಟ್ಟೆ ಇಟ್ಟು ಹೋಗ್ತಿದ್ದೆಯಲ್ಲ, ಒಳಗೆ ನಾನು ಎದ್ದು ಕೂತಿರ್ತಿದ್ದೆ. ಈವತ್ತಾದ್ರೂ ಬರ್ತಾಳೆ ಅಂತ."

ಅನ್ನ ತಳ ಹಿಡಿಯಿತು. ನಾನು ಒಲೆ ಆರಿಸಿ ಅಮ್ಮನಿಗೆ ಫೋನ್ ಮಾಡಿದೆ. ಭಾನು ತಡೆಯಲಿಲ್ಲ. ಎಲ್ಲವನ್ನೂ ಹೇಳಿದೆ, ಮೊದಲೆರಡು ಸಲದ್ದನ್ನೂ. ಊರಿನಲ್ಲಿ ಊಟ ಮುಗಿದ ಹೊತ್ತು. ಹಿಂದೆ ಹುಳುಮನೆಯ ಫ್ಯಾನಿನ ಸದ್ದು ಕೇಳುತ್ತಿತ್ತು.

ಅಮ್ಮನಿಗೆ ಒಂದು ಹೋದಾಗ ನನಗೆ ನಾಲ್ಕೋ ಐದೋ ವರ್ಷ. ಮುಚ್ಚಿದ ಬಾಗಿಲು, ಅದಕ್ಕೆ ಒರಗಿಸಿದ ಚಂದ್ರಿಕೆ, ಅಂದರೆ ಹಣ್ಣಾದ ಹುಳು ಗೂಡು ಕಟ್ಟುವ ಬಿದಿರು ತಟ್ಟಿ, ನನ್ನ ನೆನಪಿನಲ್ಲಿವೆ. ಚಂದ್ರಿಕೆಯನ್ನು ನಾವು ಮನೆಯೊಳಗೆ ಇಡುವುದಿಲ್ಲ. ಹಾಗಾಗಿ ಅದು ಕಟ್ಟಿದ ಚಿತ್ರವೇ. ಬಾಗಿಲು ಮುಚ್ಚಿದ್ದು ಮಾತ್ರ ನಿಜ ಎಂದು ಆ ದಿನ ತಿಳಿಯಿತು.

"ಆಗ ಒಬ್ರೂ ಒಳಗೆ ಬರ್ಲಿಲ್ಲ ಕಣವ್ವ," ಎಂದಳು ಅಮ್ಮ. "ನಿಮ್ಮಪ್ಪ ಊಟ ಇಟ್ಟು ಬಾಗ್ಲಿಂದ್ಲೇ ಹೋಗೋರು. ಅವ್ರ ಪ್ರಕಾರ ಅದೇ ಸರಿ." ಆಮೇಲೆ, "ನೀನು ಅವಳ ಹತ್ರ ಕೂತ್ಕೊ. ಮಾತ್ ಬರ್ದಿದ್ರೆ ಸುಮ್ನೆ ಕೂತ್ಕೊ," ಎಂದಳು.

ಭಾನು ಫೋನು ಕಸಿದುಕೊಂಡು ಅಮ್ಮನನ್ನು ಬೈದಳು, ಇಷ್ಟು ವರ್ಷ ಇದನ್ನು ಯಾಕೆ ಹೇಳಲಿಲ್ಲ ಎಂದು. ನೀವು ಕೇಳಲಿಲ್ಲ ಎಂದಳಂತೆ ಅಮ್ಮ.

ಆಸ್ಪತ್ರೆ

ಬೆಳಿಗ್ಗೆ ಸ್ಕ್ಯಾನ್ ಕೋಣೆ. ಡಾಕ್ಟರಮ್ಮ ಹೊಟ್ಟೆಯ ಮೇಲೆ ಅಂಟು ಸವರಿ, ಪರದೆ ನೋಡುತ್ತ ಕೂತರು. ಅವರೂ ಈ ಊರಿನವರೇ, ಮಾತಿಲ್ಲ. ನಾನು ಅಭ್ಯಾಸದಂತೆ ಮುಖ ಗೋಡೆಗೆ ತಿರುಗಿಸಿದ್ದೆ. ಇಂಥ ಚಿತ್ರಗಳನ್ನು ಓದುವುದು ನನ್ನ ತಂಗಿಗೆ ಪತ್ರಿಕೆ ಓದಿದಷ್ಟು ಸಲೀಸು. ಅವಳು ಕಣ್ಣು ಮುಚ್ಚಿಕೊಂಡಿದ್ದಳು.

"ನೀನು ನೋಡಕ್ಕ. ನಂಗಾಗಲ್ಲ."

ನೋಡಿದೆ. ಬೂದಿ ಬಣ್ಣ, ನಡುವೆ ಕಪ್ಪು ಗುಳಿ, ಗುಳಿಯಲ್ಲಿ ಹುರುಳಿಕಾಳಿಗಿಂತ ದೊಡ್ಡದೊಂದು ಏನೋ. ಜ್ವರದ ತಟ್ಟೆಯಲ್ಲಿ ಎಲ್ಲ ಹುಳು ನಿಂತಿರುವಾಗ ಒಂದು ಮಾತ್ರ ಏಳುವ ಹೊತ್ತಿಗೆ ತಲೆ ಕದಲಿಸುತ್ತದೆ, ಕಣ್ಣು ಪಳಗದವರಿಗೆ ಕಾಣುವುದಿಲ್ಲ. ಅಷ್ಟು ಸಣ್ಣಗೆ, ಆದರೆ ನಿಲ್ಲದೆ, ಅದರ ಎದೆಯ ಜಾಗ ಮಿಡುಕುತ್ತಿತ್ತು.

"ಅಲ್ಲಾಡ್ತಿದೆ ಕಣೇ," ಎಂದೆ.

ಡಾಕ್ಟರಮ್ಮ ನನ್ನ ಕಡೆ ತಿರುಗಿ, ಕನ್ನಡ ಬಂದವರ ಹಾಗೆ, ಹೌದೆಂದು ತಲೆ ಆಡಿಸಿದರು.

ಇದನ್ನು ಬರೆಯುವಾಗ ಭಾನುವಿಗೆ ಏಳು ತಿಂಗಳು. ಅದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಕೊನೆಯಲ್ಲಿ ಇಟ್ಟರೆ ಹಿಂದಿನದೆಲ್ಲ ಅದಕ್ಕಾಗಿಯೇ ನಡೆದ ಹಾಗೆ ಕಾಣುತ್ತದೆ. ಆ ಮಧ್ಯಾಹ್ನ ನಮಗೆ ಏಳು ತಿಂಗಳು ಗೊತ್ತಿರಲಿಲ್ಲ. ಗೊತ್ತಿದ್ದದ್ದು ಆ ಬೆಳಿಗ್ಗೆ ಮಾತ್ರ.

ರೈಲು ನಿಲ್ದಾಣ

ಒಳ್ಳೆಯ ಸುದ್ದಿ ಬಂದ ಮೇಲೆ ಭಾನು ಹೆಲ್ಸಿಂಕಿಯ ಮಾತು ಬಿಡುತ್ತಾಳೆ ಎಂದುಕೊಂಡಿದ್ದೆ. ಅವಳು ಆಸ್ಪತ್ರೆಯಿಂದ ನೇರ ನಿಲ್ದಾಣದ ಕಡೆ ನಡೆದಳು. ಇವತ್ತು ಇದೆ, ನಾಳೆ ಇರುತ್ತದೆಂದು ಯಾರು ಹೇಳಿದರು ಎಂದಳು. ಅವಳ ವಿದ್ಯೆಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ನನ್ನಲ್ಲಿದ್ದ ಒಂದೇ ಉತ್ತರ ಹಿಂದಿನ ಸಂಜೆ ತಳ ಹಿಡಿದಿತ್ತು.

ಪ್ಲಾಟ್‌ಫಾರಂನ ಬೆಂಚುಗಳಲ್ಲಿ ಜನ ನಡುವೆ ಒಬ್ಬರ ಜಾಗ ಬಿಟ್ಟು ಕೂತಿದ್ದರು. ನಾನು ಭಾನುವಿಗೆ ಅಂಟಿ ಕೂತೆ, ನಮ್ಮ ಬಸ್ಸಿನಲ್ಲಿ ಕೂರುವ ಹಾಗೆ. ಅವಳ ಕೋಟಿನ ಬಿಲ್ಲೆ ನನ್ನದಕ್ಕೆ ತಾಗಿ ಟಿಕ್ ಅನ್ನುತ್ತಿತ್ತು. ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಅವಳು ಕ್ಲಿನಿಕ್ಕಿನವರನ್ನು ಬೈದಳು, ತನ್ನನ್ನು ಬೈದುಕೊಂಡಳು, ಪ್ರಸಾದನಿಗೆ ಫೋನ್ ಮಾಡಿ ಅವನ ಅಪ್ಪನ ಸುದ್ದಿ ಕೇಳಿದಳು, ಮತ್ತೆ ಬೈದಳು. ತಳ್ಳುಗಾಡಿಯ ಕತೆಯನ್ನು ಆಗ ಹೇಳಿದೆ. ಕಾವಲು ನಿಂತು ಏನು ಮಾಡುತ್ತಿದ್ದೆ ನೀನು ಎಂದು ಕೇಳಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಎದುರಿಗಿದ್ದವರು ನೋಡಿ, ತಕ್ಷಣ ನೋಡದವರಾದರು.

ರೈಲು ಬಂತು. ಬಾಗಿಲು ತೆರೆಯಿತು. ನಾನು ಎದ್ದೆ. ಅವಳು ಹೋಗುವುದಾದರೆ ಜೊತೆಗೆ ಹೋಗುವುದೆಂದು ತೀರ್ಮಾನಿಸಿದ್ದೆ, ಆ ಹಾಲಿನಂಥ ದ್ರವದ ಸೀಸೆಯ ಕೆಳಗೂ ಪಕ್ಕದಲ್ಲೇ ಕೂರುವುದೆಂದು. ಭಾನು ಬಾಗಿಲನ್ನು ನೋಡಿದಳು. ಹತ್ತುವವರೆಲ್ಲ ಹತ್ತಿದರು. ಅವಳು ನನ್ನ ಕೋಟಿನ ತುದಿ ಹಿಡಿದು ಎಳೆದಳು.

"ಕೂತ್ಕೊ," ಎಂದಳು.

ಕೂತೆ. ರೈಲಿನ ಬೆಳಕು ನಮ್ಮ ಮೇಲೆ ಹಾದು ಹೋಯಿತು. ಇನ್ನು ಕತ್ತಲಾಗುವ ಮುಂಚೆ ಕೋಟೆ ನೋಡಿ ಬಾ, ನಾನು ಮನೆಗೆ ಹೋಗಿರುತ್ತೇನೆ ಎಂದಳು. ಆಗಲಿ ಎಂದೆ. ಇಬ್ಬರೂ ಏಳಲಿಲ್ಲ. ತುರ್ಕುವಿನ ಕೋಟೆ ಹೇಗಿದೆ ಎಂದು ಕಾಲೇಜಿನಲ್ಲಿ ಕೇಳುತ್ತಾರೆ. ನಾನು ಅಲ್ಲಿಗೆ ಹೋಗಲೇ ಇಲ್ಲ. ದೂರದಿಂದ, ದೋಣಿಯಲ್ಲಿ ನಿಂತು ನೋಡಿದರೂ ಅದು ಕಾಣುವುದಿಲ್ಲ.